ಕಪ್ಪು ಬಾವುಟದ ಚಿತ್ರಗಳು

ಅಂತ್ಯಕ್ರಿಯೆ ಮುಗಿದು, ಬಂದವರೆಲ್ಲ ಬಂದ ದಾರಿ ಹಿಡಿದ ಮೇಲಿನ ಮೊದಲ ಸಾಮಾನ್ಯ ಬೆಳಿಗ್ಗೆ ಅವಳಿಗೆ ಎಚ್ಚರವಾದದ್ದು ಲಿಫ್ಟಿನ ಸದ್ದಿಗೆ. ಗೋಡೆಯಾಚೆ ಏನನ್ನೋ ದರದರ ಎಳೆದ ಹಾಗೆ, ಆಮೇಲೆ ಟಣ್ ಎಂದು ಒಂದು ಗಂಟೆ. ಎಷ್ಟೋ ತಿಂಗಳಿಂದ ಆ ಲಿಫ್ಟ್ ನಿಂತಿತ್ತು. ನಿಲ್ಲಿಸಿದವನು ಅವಳ ಗಂಡ. ಲಿಫ್ಟುಗಳನ್ನು ತಪಾಸಣೆ ಮಾಡುವುದು ಅವನ ಕೆಲಸ. ತಾನು ಬಾಡಿಗೆಗಿದ್ದ ಕಟ್ಟಡದ ಲಿಫ್ಟಿಗೇ ಬ್ರೇಕಿನ ಪಟ್ಟಿ ಸವೆದಿದೆ ಎಂದು ಬರೆದು ಬಾಗಿಲಿಗೆ ಮೊಹರು ಹಾಕಿಸಿದ್ದ. ಅಂದಿನಿಂದ ಇಡೀ ಕಟ್ಟಡ ಅವನನ್ನು ಬೈದುಕೊಂಡು ಮೆಟ್ಟಿಲು ಹತ್ತಿತು. ಅವನೂ ಹತ್ತಿದ. ಒಂದು ಸಂಜೆ ಹತ್ತುತ್ತಾ ಹತ್ತುತ್ತಾ ಮೂರನೆಯ ಮಹಡಿಯ ತಿರುವಿನಲ್ಲಿ ಸ್ವಲ್ಪ ಸುಧಾರಿಸಿಕೊಳ್ಳುವವನಂತೆ ಕೂತ, ಮತ್ತೆ ಏಳಲಿಲ್ಲ. ಲಿಫ್ಟ್ ಇನ್ಸ್‌ಪೆಕ್ಟರು ಮೆಟ್ಟಿಲ ಮೇಲೆ ಹೋಗಿಬಿಟ್ಟರು ಎಂಬ ಮಾತನ್ನು, ಸಮಾಧಾನ ಹೇಳಲು ಬಂದ ಪ್ರತಿಯೊಬ್ಬರೂ ತುಟಿಯ ಅಂಚಿನಲ್ಲಿ ಕಚ್ಚಿಕೊಂಡು ಬಂದಿದ್ದರು. ಕೆಲವರಿಗೆ ಅದು ಜಾರಿತು, ಜಾರಿದ ಕೂಡಲೇ ಅವರು ಅವಳ ಕೈ ಹಿಡಿದು ಇನ್ನಷ್ಟು ಗಟ್ಟಿಯಾಗಿ ಒತ್ತಿದರು. ಈಗ ಬೇರೆ ಯಾವನೋ ಇನ್ಸ್‌ಪೆಕ್ಟರ್ ಬಂದು ಸಹಿ ಹಾಕಿ ಹೋಗಿದ್ದಾನೆ. ಆ ಸವೆದ ಪಟ್ಟಿಯಲ್ಲೇ ಲಿಫ್ಟ್ ಮೇಲೆ ಕೆಳಗೆ ಓಡಾಡುತ್ತಿದೆ, ಯಾರೂ ಸತ್ತಿಲ್ಲ. ಮಲಗಿದಲ್ಲಿಂದಲೇ ಅವಳು ಅದು ಐದನೆಯ ಮಹಡಿಯವರೆಗೆ ಹೋಗಿ ಬರುವುದನ್ನು ಕೇಳಿಸಿಕೊಂಡಳು. ಬದುಕಿದ್ದರೆ ಅವನು ಕಿವಿ ನಿಮಿರಿಸಿಕೊಂಡು, ಕೇಳಿಸ್ತಾ, ಆ ಕೊನೇಲಿ ಒಂದು ಒದರುತ್ತಲ್ಲ, ಅದೇ, ಎನ್ನುತ್ತಿದ್ದ. ಅವಳಿಗೆ ಯಾವ ಒದರೂ ಕೇಳಿಸಲಿಲ್ಲ.

ಅಡುಗೆಮನೆಯಲ್ಲಿ ಅತ್ತೆ ಒಂದು ಲೋಟವನ್ನು ತೊಳೆಯುತ್ತಿದ್ದರು. ತೊಳೆದ ಲೋಟವನ್ನೇ ತೊಳೆಯುವುದು ಅವರ ದುಃಖ. ಅತ್ತೆಯ ಮಗಳು, ಅವಳ ನಾದಿನಿ, ನಿನ್ನೆ ಹೊರಡುವಾಗ ತಾಯಿಯನ್ನು ಇಲ್ಲೇ ಬಿಟ್ಟುಹೋಗಿದ್ದಳು, 'ನಿನಗೂ ಒಂದು ಜೊತೆ ಇರ್ಲಿ' ಎಂದು, ಕೊಟ್ಟದ್ದು ಉಡುಗೊರೆಯೋ ಎಂಬಂತೆ. ಜೊತೆಗೆ ಒಂದು ಕೆಲಸವನ್ನೂ ಬಿಟ್ಟುಹೋಗಿದ್ದಳು. ಸಾವಿನ ದಿನ ಅವಸರಕ್ಕೆ ಅವನ ಕಚೇರಿಯ ಗುರುತಿನ ಚೀಟಿಯ ಚಿತ್ರವನ್ನೇ ದೊಡ್ಡದು ಮಾಡಿಸಿ ಇಟ್ಟಿದ್ದರು. ದೊಡ್ಡದಾದಾಗ ಮೂಗು ಹರಡಿಕೊಂಡು, ಕಣ್ಣುಗಳು ಯಾರೋ ಅಪರಾಧಿಯ ಕಣ್ಣುಗಳಾಗಿ, ಕೊರಳಿನ ಪಟ್ಟಿಯ ಮೇಲೆ ಅರ್ಧ ಸೀಲು ಉಳಿದಿತ್ತು. ಅದು ಬೇಡ, ಅವನು ಅವನ ಹಾಗೇ ಇರುವ ಒಂದು ಒಳ್ಳೆಯ ಚಿತ್ರ ಹುಡುಕು, ಅಮ್ಮ ಊರಿಗೆ ಹೋಗುವಾಗ ಕಟ್ಟು ಹಾಕಿಸಿ ಕೊಡೋಣ ಎಂದು ನಾದಿನಿಯ ಅಪ್ಪಣೆ. ಒಳ್ಳೆಯ ಚಿತ್ರಕ್ಕೇನು ಬರ, ಇಪ್ಪತ್ನಾಲ್ಕು ಗಂಟೆ ಕ್ಯಾಮರಾ ಕೊರಳಿಗೆ ಹಾಕ್ಕೊಂಡಿದ್ದವನಲ್ವಾ ಎಂದಿದ್ದಳು. ನಾದಿನಿಗೆ ಆ ಮಾತಿನಲ್ಲೇ ಇದ್ದ ತೊಡಕು ಹೊಳೆದಿರಲಿಲ್ಲ. ಅವಳಿಗೆ ಏನೂ ಹೊಳೆಯುವುದಿಲ್ಲ. ಹೊಳೆಯದೇ ಇರುವುದರಿಂದಲೇ ಅವಳ ಚರ್ಮ ಅಷ್ಟು ಚೆನ್ನಾಗಿದೆ.

ಚಹಾದ ಲೋಟ ಹಿಡಿದು ಅವಳು ಅವನ ಮೇಜಿಗೆ ಬಂದು ಕೂತಳು. ಪಠ್ಯಪುಸ್ತಕಗಳ ಕೊನೆಯಲ್ಲಿ ಬರುವ ಪದಸೂಚಿ ತಯಾರಿಸುವುದು ಅವಳ ಕೆಲಸ. ಮನೆಯಲ್ಲಿದ್ದದ್ದು ಒಂದೇ ಕಂಪ್ಯೂಟರು, ಅದೂ ಅವನದು; ಅವಳು ಅದರಲ್ಲಿ ಒಂದು ಮೂಲೆಯ ಬಾಡಿಗೆದಾರಳು. ಪ್ರಕಾಶನದ ಸಂಪಾದಕಿ ಬರೆದಿದ್ದಳು: ನಿಮ್ಮ ದುಃಖದ ಸಮಯದಲ್ಲಿ ತೊಂದರೆ ಕೊಡಲು ಮನಸ್ಸಿಲ್ಲ, ನಿಧಾನವಾಗಿ ಮಾಡಿ, ಆದರೂ ಇವತ್ತು ಸಂಜೆಯೊಳಗೆ ಆದರೆ ಉಪಕಾರವಾಗುತ್ತದೆ. ಪುಟಗಳ ಫೈಲನ್ನು ಇಳಿಸಿಕೊಳ್ಳಲು ಹೋದರೆ ಪರದೆಯ ಮೇಲೆ ಚೌಕವೊಂದು ಎದ್ದು ನಿಂತಿತು. ಡಿಸ್ಕಿನಲ್ಲಿ ಜಾಗವಿಲ್ಲ. ಅದೇ ಚೌಕವನ್ನು ಅವಳು ಅವನಿಗೆ ಕರೆದು ತೋರಿಸಿದ್ದಳು, ಅವನ ಕೊನೆಯ ಬೆಳಿಗ್ಗೆ. ನಿಮ್ಮ ರಾಟೆ ಹಗ್ಗಗಳ ಚಿತ್ರಗಳಿಗೆಲ್ಲ ಜಾಗ ಇದೆ, ನನ್ನ ಅನ್ನಕ್ಕೆ ಮಾತ್ರ ಇಲ್ಲ, ಎಂದಿದ್ದಳು. ಅವನು ಬೂಟಿನ ಲಾಡಿ ಕಟ್ಟುತ್ತಾ, ಸಂಜೆ ಮಾಡ್ತೀನಿ, ಪರಿಶೀಲನೆ ಮಾಡದೆ ಹಳೇದನ್ನ ತೆಗೆಯೋಕಾಗಲ್ಲ, ಎಂದ. ಪರಿಶೀಲನೆ ಎಂಬ ಪದವನ್ನು ಅವನು ಮನೆಯಲ್ಲೂ ಬಳಸುತ್ತಿದ್ದ. ಹಾಲು ಕೆಟ್ಟಿದೆಯೇ ಎಂದು ಮೂಸಿ ನೋಡುವುದೂ ಪರಿಶೀಲನೆಯೇ.

ಹಳೆಯದು ಎಂದರೆ ಚಿತ್ರಗಳನ್ನು ಜೋಡಿಸಿಡುವ ಅವನ ಹಳೆಯ ಸಾಫ್ಟ್‌ವೇರು. ಅದನ್ನು ತಯಾರಿಸಿದವರು ಇನ್ನು ಮುಂದೆ ಅದರ ಕಡೆ ತಿರುಗಿ ನೋಡುವುದಿಲ್ಲ ಎಂದು ಕೈತೊಳೆದುಕೊಂಡ ಮೇಲೆ, ಅವನು ಮನೆಯಲ್ಲಿ ಯಾರೋ ತೀರಿಕೊಂಡವರಂತೆ ಒಂದು ವಾರ ಮೌನವಾಗಿದ್ದು, ಆಮೇಲೆ ಹೊಸದಕ್ಕೆ ಬದಲಾಗಿದ್ದ. ಈಗ ಕಂಪ್ಯೂಟರಿನಲ್ಲಿ ಎರಡೂ ಇದ್ದವು. ಹಳೆಯ ಲೈಬ್ರರಿ, ಹೊಸ ಲೈಬ್ರರಿ. ಒಂದೊಂದೂ ಡಿಸ್ಕಿನ ಅರ್ಧ ನುಂಗಿದ್ದೇನೆ ಎನ್ನುತ್ತಿತ್ತು. ಎಲ್ಲವೂ ಎರಡೆರಡು ಸಲ. ಒಂದು ಬದುಕನ್ನೇ ಸಹಿಸುವುದು ಕಷ್ಟ, ಈ ಮನುಷ್ಯ ಅದರ ನಕಲನ್ನೂ ಇಟ್ಟುಕೊಂಡಿದ್ದ. ಅವಳು ಹೊಸದನ್ನು ತೆರೆದು, ಚಿತ್ರಗಳು ಇವೆಯೆಂದು ನಾಲ್ಕಾರು ಕಡೆ ಒತ್ತಿ ನೋಡಿ, ಪರಿಶೀಲನೆ ಮುಗಿಯಿತು ಎಂದುಕೊಂಡು ಹಳೆಯ ಲೈಬ್ರರಿಯನ್ನು ಕಸದ ಬುಟ್ಟಿಗೆ ಎಳೆದಳು; ಬುಟ್ಟಿಯನ್ನು ಖಾಲಿ ಮಾಡಿದಳು. ಕಾಗದ ಹರಿದಂಥ ಸದ್ದು ಕಂಪ್ಯೂಟರಿನಿಂದ ಬಹಳ ಹೊತ್ತು ಬಂತು. ಆ ಸದ್ದಿನಲ್ಲಿ ಒಂದು ಸುಖವಿತ್ತು, ಅದನ್ನು ಅವಳು ನಿರಾಕರಿಸಲಿಲ್ಲ. ಆಮೇಲೆ ಮತ್ತೆ ಪುಟಗಳನ್ನು ಇಳಿಸಲು ಹೋದಳು. ಅದೇ ಚೌಕ. ಡಿಸ್ಕಿನಲ್ಲಿ ಜಾಗವಿಲ್ಲ. ಅರ್ಧ ಡಿಸ್ಕನ್ನು ಎತ್ತಿ ಹೊರಗೆ ಹಾಕಿದ್ದಾಳೆ, ಒಂದು ಬೊಗಸೆ ಜಾಗವೂ ಬಿಟ್ಟುಕೊಂಡಿಲ್ಲ.

ಆಗ ಹಿಂದೊಂದು ರಾತ್ರಿಯ ಊಟ ನೆನಪಾಯಿತು. ಅವನ ಸಹೋದ್ಯೋಗಿ, ಸಹೋದ್ಯೋಗಿಯ ಹೆಂಡತಿ, ಮೇಜಿನ ಮೇಲೆ ಅವಳೇ ಹಾಸಿದ ಬಿಳಿಯ ಬಟ್ಟೆ. ಅವನು ಎರಡು ಚಮಚಗಳನ್ನು ಒಂದೇ ಬಟ್ಟಲಿನಲ್ಲಿ ಎರಡು ಕಡೆಯಿಂದ ಇಟ್ಟು ವಿವರಿಸುತ್ತಿದ್ದ. ನೋಡಿ, ಹೊಸ ಸಾಫ್ಟ್‌ವೇರು ಚಿತ್ರಾನ ಇನ್ನೊಂದು ಸಲ ಬರೆಯಲ್ಲ. ಡಿಸ್ಕಿನ ಮೇಲೆ ಚಿತ್ರ ಒಂದೇ. ಅದೇ ಚಿತ್ರಕ್ಕೆ ಹಳೇದು ಒಂದು ಬಾಗಿಲು ಇಟ್ಟಿದೆ, ಹೊಸದು ಇನ್ನೊಂದು. ಎರಡು ಬಾಗಿಲು ಅಂತ ಎರಡು ಕೋಣೆ ಅಲ್ಲ. ಒಂದು ಬಾಗಿಲು ಮುಚ್ಚಿದ್ರೆ ಕೋಣೆ ಏನೂ ಖಾಲಿಯಾಗಲ್ಲ. ಜನ ಇದನ್ನೇ ತಿಳ್ಕೊಳ್ಳಲ್ಲ, ಅದಕ್ಕೇ... ಅಷ್ಟರಲ್ಲಿ ಅವಳು ಆಕಳಿಸಿದ್ದಳು. ಕೈ ಅಡ್ಡ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಸಹೋದ್ಯೋಗಿಯ ಹೆಂಡತಿ ನೋಡಿ ಫಕ್ಕನೆ ನಕ್ಕಳು, ಪಾಪ, ಇವರು ದಿನಾ ಕೇಳ್ಬೇಕಲ್ಲ, ಎಂದಳು. ಅವನು ಚಮಚಗಳನ್ನು ಬಟ್ಟಲಿನಿಂದ ಎತ್ತಿ, ಒರೆಸಿ, ಒಂದರ ಪಕ್ಕ ಒಂದು ಇಟ್ಟ. ಮಾತು ಬೇರೆ ಎಲ್ಲಿಗೋ ಹೋಯಿತು. ಅವರು ಹೋದ ಮೇಲೆ ಪಾತ್ರೆ ತೊಳೆಯುವಾಗ ಅವನು ಹಿಂದೆ ಬಂದು ನಿಂತು, ನಿನಗೆ ನಿದ್ದೆ ಬಂದಿತ್ತಾ, ಎಂದು ಕೇಳಿದ್ದ. ಕೋಪವಿಲ್ಲದೆ, ಸುಮ್ಮನೆ ತಿಳಿದುಕೊಳ್ಳಲು. ಹೌದು ಎಂದಿದ್ದಳು. ಬಂದಿರಲಿಲ್ಲ.

ಹಾಗಾದರೆ ಜಾಗ ಬೇಕೆಂದರೆ ಚಿತ್ರಗಳೇ ಹೋಗಬೇಕು. ನಿಜವಾಗಿ ಹೋಗಬೇಕು. ಈಗ ಉಳಿದಿರುವುದು ಒಂದೇ ಬಾಗಿಲು.

ಹೊಸ ಸಾಫ್ಟ್‌ವೇರಿನಲ್ಲಿ ಅವನು ಪ್ರತಿ ಚಿತ್ರಕ್ಕೂ ನಕ್ಷತ್ರ ಕೊಟ್ಟಿದ್ದ. ಒಂದರಿಂದ ಐದು. ಅವನ ಐದು ನಕ್ಷತ್ರಗಳೆಲ್ಲ ಲಿಫ್ಟಿನ ಯಂತ್ರದ ಕೋಣೆಗಳಿಗೆ ಹೋಗಿದ್ದವು: ಗ್ರೀಸು ಮೆತ್ತಿದ ರಾಟೆ, ಉಕ್ಕಿನ ಹಗ್ಗದ ಒಂದೇ ಒಂದು ಎಳೆ ಬಿಟ್ಟುಕೊಂಡಿರುವುದು, ಕಬ್ಬಿಣದ ತೂಕದ ಮೇಲೆ ಬಿದ್ದ ಬಿಸಿಲು. ನಡುವೆ ಅಲ್ಲಲ್ಲಿ ಅವಳು. ಬಾಯಿ ತುಂಬ ಅನ್ನ ಇದ್ದಾಗ, ಸಮುದ್ರದ ಮುಂದೆ ಕಣ್ಣು ಕಿರಿದು ಮಾಡಿದಾಗ, ಜ್ವರದಲ್ಲಿ ಮಲಗಿದಾಗ. ಎರಡು ನಕ್ಷತ್ರ, ಒಂದು, ಎರಡು. ಒಂದು ಕಡೆ ನಾಲ್ಕು ಸಿಕ್ಕಿತ್ತು. ಅದರಲ್ಲಿ ಅವಳು ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದಳು. ಅವಳಿಗೆ ನಗು ಬಂತು, ಆಮೇಲೆ ನಗು ಹುಳಿಯಾಯಿತು. ಮದುವೆಯಾದಂದಿನಿಂದ ಒಬ್ಬ ಇನ್ಸ್‌ಪೆಕ್ಟರ್ ತನ್ನ ಮುಖಕ್ಕೆ ಅಂಕ ಹಾಕುತ್ತಾ ಕೂತಿದ್ದ, ತಾನು ಪಕ್ಕದ ಕೋಣೆಯಲ್ಲಿ ಅವನ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು.

ಯಾರೋ ಬಾಗಿಲು ಬಡಿದರು. ಕಟ್ಟಡದ ಸಂಘದ ಕಾರ್ಯದರ್ಶಿ, ನೆಲಮಹಡಿಯವರು. ಲಿಫ್ಟಿನಲ್ಲಿ ಬಂದದ್ದರಿಂದ ಏದುಸಿರಿರಲಿಲ್ಲ, ಅದನ್ನು ಮುಚ್ಚಿಡುವಂತೆ ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಅತ್ತೆಯ ಕಡೆ ನೋಡಿ ತಲೆ ತಗ್ಗಿಸಿದರು, ಅವಳ ಕಡೆ ನೋಡಿ ಗಂಟಲು ಸರಿಮಾಡಿಕೊಂಡರು.

'ಈ ಹೊತ್ತಲ್ಲಿ ಕೇಳ್ಬಾರದು ತಾಯಿ. ಅವರು ನನ್ನ ಹತ್ರ ಒಂದು ಡಿಸ್ಕ್ ಇಸ್ಕೊಂಡಿದ್ರು. ಕಪ್ಪುದು, ಇಷ್ಟಿದೆ. ಹೋದ ತಿಂಗಳು.'

'ನಿಮ್ಮ ಹತ್ರವಾ?'

'ಹೂಂ. ಫೋಟೋ ಎಲ್ಲ ಒಂದು ಕಾಪಿ ಮಾಡಿಟ್ಕೊಂಡು ಹಳೇದನ್ನ ತೆಗೀತೀನಿ, ಮನೇಲಿ ಜಾಗಕ್ಕೆ ತೊಂದರೆ ಆಗಿದೆ ಅಂದ್ರು. ಅದರಲ್ಲಿ ನನ್ನ ಮೊಮ್ಮಗುವಿನ ವಿಡಿಯೋಗಳೂ ಒಂದಿಷ್ಟು ಇವೆ. ಅವಸರ ಏನಿಲ್ಲ. ನೀವು ಬೇಕಾದ್ರೆ ಇನ್ನೂ ನಾಲ್ಕು ದಿನ ಇಟ್ಕೊಳ್ಳಿ, ಅವರ ಫೋಟೋ ಎಲ್ಲ ಅದಕ್ಕೆ ಹಾಕ್ಕೊಳ್ಳಿ. ಎಷ್ಟು ಬೇಕಾದ್ರೂ ಹಿಡಿಯುತ್ತೆ.'

'ಲಿಫ್ಟ್ ಚೆನ್ನಾಗಿ ಓಡ್ತಿದೆ,' ಎಂದಳು ಅವಳು.

ಅವರು ಕರವಸ್ತ್ರವನ್ನು ಮಡಿಸಿದರು. 'ಪಟ್ಟಿ ಬದಲಾಯಿಸಿದೀವಿ ತಾಯಿ. ಅವರು ಹೇಳಿದ ಕಂಪನಿದೇ ಹಾಕಿಸಿದ್ದು.'

ಅವರು ಹೋದ ಮೇಲೆ ಅವಳಿಗೆ ಮೈಯೆಲ್ಲ ಉರಿಯಿತು. ಈ ಮನುಷ್ಯನನ್ನೇ ಅವನು ಊಟಕ್ಕೆ ಕೂತಾಗಲೆಲ್ಲ ಕಳ್ಳ ಎನ್ನುತ್ತಿದ್ದ. ಸಂಘದ ದುಡ್ಡು ನುಂಗಿ ಬ್ರೇಕಿಗೆ ಸೋಪು ಹಚ್ಚುವವನು ಎನ್ನುತ್ತಿದ್ದ. ಆ ಕಳ್ಳನ ಬಾಗಿಲಿಗೆ ಹೋಗಿ, ಮನೇಲಿ ಜಾಗಕ್ಕೆ ತೊಂದರೆ ಆಗಿದೆ ಎಂದು ಕೈಯೊಡ್ಡಿ ನಿಂತಿದ್ದಾನೆ. ಅವಳ ಹೆಸರು ಹೇಳಿರಬಹುದು. ನನ್ನ ಹೆಂಡತಿ ಬಿಡ್ತಿಲ್ಲ ಸಾರ್ ಎಂದಿರಬಹುದು, ಆ ಮುಖ್ಯ ಕಳ್ಳ ಇವನ ಬೆನ್ನು ತಟ್ಟಿರಬಹುದು. ಮೊಹರು ಹಾಕಿದ ಕೈಯೇ ಸಾಲ ಇಸಿದುಕೊಳ್ಳುವ ಕೈ. ಡಿಸ್ಕು ಮೇಜಿನ ಕೆಳಗಿನ ಖಾನೆಯಲ್ಲಿತ್ತು. ಜೋಡಿಸಿ ನೋಡಿದಳು. ಒಂದು ಮಗು ಅಂಬೆಗಾಲಿಟ್ಟು ಸೋಫಾದ ಕಡೆ ಹೋಗುತ್ತಿತ್ತು, ಹಿನ್ನೆಲೆಯಲ್ಲಿ ಕಾರ್ಯದರ್ಶಿಯ ಧ್ವನಿ, ಬಾ ಬಾ ಬಾ ಬಾ. ಅವನದು ಏನೂ ಇರಲಿಲ್ಲ. ತಿಂಗಳಿಡೀ ಇಟ್ಟುಕೊಂಡು ಒಂದು ಚಿತ್ರವನ್ನೂ ಹಾಕಿರಲಿಲ್ಲ. ಪರಿಶೀಲನೆ ಮುಗಿದಿರಲಿಲ್ಲವೇನೋ.

ಡಿಸ್ಕು ಅಲ್ಲಿಯೇ ಮಿಣುಕುತ್ತಿತ್ತು. ಎಲ್ಲವನ್ನೂ ಅದಕ್ಕೆ ತುಂಬಬಹುದು. ಯಾವುದೂ ಹೋಗಬೇಕಿಲ್ಲ, ಯಾವುದನ್ನೂ ಆರಿಸಬೇಕಿಲ್ಲ. ನಾಲ್ಕು ದಿನ ಬಿಟ್ಟು ಅಂಥದ್ದೇ ಒಂದನ್ನು ಕೊಂಡು ತಂದು, ಅವನ ಇಡೀ ನಕ್ಷತ್ರಮಂಡಲವನ್ನು ಅದಕ್ಕೆ ಇಳಿಸಿ, ಬಟ್ಟೆಯ ಬೀರುವಿನ ಮೇಲಿನ ಖಾನೆಯಲ್ಲಿ ಇಡಬಹುದು. ಅಲ್ಲಿ ಅದು ಅವಳ ಬರುವ ದಿನಗಳೆಲ್ಲ ಕೂತಿರುತ್ತದೆ. ಯಾವತ್ತೋ ಒಂದು ದಿನ ಕೂತು ನೋಡುತ್ತೇನೆ ಎಂದುಕೊಳ್ಳುತ್ತಾಳೆ, ನೋಡುವುದಿಲ್ಲ. ಮನೆ ಬದಲಾಯಿಸುವಾಗ ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತಾಳೆ. ವಿಧವೆಯರು ಹೀಗೆ ಏನನ್ನಾದರೂ ಸುತ್ತಿಕೊಂಡು ಓಡಾಡುವುದು ಎಲ್ಲರಿಗೂ ಇಷ್ಟವಾಗುತ್ತದೆ.

ನಾದಿನಿಯ ಫೋನು ಬಂತು.

'ಸಿಕ್ತಾ?'

'ಹುಡುಕ್ತಿದೀನಿ.'

'ಅದೇನು ಹುಡುಕೋದು, ಅಷ್ಟೊಂದು ಇವೆ. ನಗ್ತಿರೋದು ಕಳ್ಸು. ಅಮ್ಮನಿಗೆ ನಗ್ತಿರೋದೇ ಬೇಕು.'

'ಅವರು ತೆಗೆದವರು, ತೆಗೆಸ್ಕೊಂಡವರಲ್ಲ. ಯಾವುದರಲ್ಲೂ ಅವರಿಲ್ಲ.'

'ಹಾಗಂದ್ರೆ ಏನು? ನೀನು ಒಂದು ಸಲನೂ ಅವನದು ತೆಗೀಲಿಲ್ವಾ?'

ಆ ಕಡೆ ಪ್ರೆಶರ್ ಕುಕ್ಕರ್ ಕೂಗಿತು. 'ಸರಿ ಬಿಡು,' ಎಂದಳು ನಾದಿನಿ, 'ನೀನೂ ಪಾಪ ಬಿಜಿ ಇರ್ತಿದ್ದೆ.' ಆ ಬಿಜಿ ಎಂಬ ಪದವನ್ನು ಅವಳು ಎರಡು ಬೆರಳಲ್ಲಿ ಎತ್ತಿ ದೂರ ಹಿಡಿದಂತೆ ಹೇಳಿದಳು. ಹೊಳೆಯುವುದಿಲ್ಲ ಎಂದುಕೊಂಡದ್ದು ತಪ್ಪು. ಬೇಕಾದಾಗ ಹೊಳೆಯುತ್ತದೆ.

ಅವನ ಚಿತ್ರ ಒಂದೂ ತೆಗೆದಿರಲಿಲ್ಲ. ಕ್ಯಾಮರಾ ಮುಟ್ಟಿದರೆ, ಮೊದಲು ಲೆನ್ಸ್ ಒರೆಸು, ಕೊರಳಿಗೆ ಹಾಕ್ಕೋ, ಮೊಣಕೈ ಮೈಗೆ ಒತ್ತು, ಎಂದು ಶುರುವಾಗುತ್ತಿದ್ದ. ಕೇಳಿ ಸಾಕಾಗಿ ಮುಟ್ಟುವುದನ್ನೇ ಬಿಟ್ಟಿದ್ದಳು. ಅದು ನಿಜ. ನಿಜವೆಂದು ಹೇಳಿಕೊಂಡ ಮೇಲೂ ನಾದಿನಿಯ ಪ್ರಶ್ನೆ ಅಲ್ಲೇ ಕೂತಿತ್ತು.

ಅವಳು ಕೆಲಸಕ್ಕೆ ಮರಳಿದಳು. ಮೊದಲು ಹೋಗಬೇಕಾದವು ಯಾವುವೆಂದು ಅವನೇ ಗುರುತು ಮಾಡಿಟ್ಟಿದ್ದ. ನಕ್ಷತ್ರಕ್ಕೂ ಯೋಗ್ಯವಲ್ಲದ ಚಿತ್ರಗಳ ಮೂಲೆಯಲ್ಲಿ ಸಣ್ಣದೊಂದು ಕಪ್ಪು ಬಾವುಟ. ತಿರಸ್ಕೃತ. ಅವೆಲ್ಲವನ್ನೂ ಒಂದೇ ಏಟಿಗೆ ಅಳಿಸಲು ಒಂದು ಗುಂಡಿಯೂ ಇತ್ತು. ಒತ್ತಿದರೆ, ಶಾಶ್ವತವಾಗಿ ಅಳಿಸಬೇಕೆ ಎಂದು ಕೇಳಿತು. ಪದಸೂಚಿ ಮಾಡುವವರಿಗೆ ಓದದೆ ಯಾವ ಪುಟವನ್ನೂ ತಿರುವಿಹಾಕಲು ಬರುವುದಿಲ್ಲ, ಅದೊಂದು ರೋಗ. ಬೇಡ ಎಂದು ಒತ್ತಿ, ಮೊದಲನೆಯದನ್ನು ತೆರೆದಳು. ಅವಳು ಪಾರ್ಕಿನ ಬೆಂಚಿನ ಮೇಲೆ ಕೂತಿದ್ದಳು, ಮಡಿಲ ಮೇಲೆ ಉದ್ದನೆಯ ನೆರಳು ಬಿದ್ದಿತ್ತು, ತಲೆ, ಎತ್ತಿದ ಎರಡು ಮೊಣಕೈ. ಮುಂದಿನದು ಲಿಫ್ಟಿನ ಉಕ್ಕಿನ ಬಾಗಿಲು. ಅದರಲ್ಲಿ ಹೊಗೆಯಂತೆ ಒಬ್ಬ ನಿಂತಿದ್ದ, ಬಗ್ಗಿ. ಆಮೇಲೆ ಚೌಕಟ್ಟಿನ ಅಂಚಿನಲ್ಲಿ ಒಂದು ಹೆಬ್ಬೆರಳು, ಉಗುರಿನ ಪಕ್ಕ ಅವನು ಯಾವಾಗಲೂ ಕಚ್ಚಿ ಕಿತ್ತುಕೊಳ್ಳುವ ಚರ್ಮ. ಕಾರಿನ ಬಾಗಿಲಲ್ಲಿ ಉಬ್ಬಿದ ಹೊಟ್ಟೆ. ಅವಳ ಕಪ್ಪು ಕನ್ನಡಕದ ಎರಡೂ ಗಾಜಿನಲ್ಲಿ ಎರಡು ಪುಟ್ಟ ಗಂಡಸರು. ತಾನು ಚಿತ್ರದೊಳಕ್ಕೆ ಕಾಲಿಟ್ಟಾಗಲೆಲ್ಲ ಅವನು ಅದನ್ನು ಕೆಟ್ಟ ಚಿತ್ರವೆಂದು ಬದಿಗೆ ಹಾಕಿದ್ದ. ಇದು ವಿನಯವಲ್ಲ, ಅಹಂಕಾರವೇ ಎಂದು ಅವಳಿಗೆ ತೋರಿತು. ಪರೀಕ್ಷೆ ಮಾಡುವವನಿಗೆ ತಾನೂ ತಕ್ಕಡಿಯಲ್ಲಿ ಕೂರುವುದು ಆಗದ ಅಹಂಕಾರ. ಹಾಗೆ ತೋರಿದ ಮೇಲೂ ಅವಳ ಕೈ ಮುಂದಿನದನ್ನು ಒತ್ತುತ್ತಲೇ ಇತ್ತು.

ಕನ್ನಡಿ ಅಂಗಡಿಯದು ಬಂತು. ಬಚ್ಚಲಿಗೆ ಕನ್ನಡಿ ಕೊಳ್ಳಲು ಹೋಗಿದ್ದ ದಿನ. ಗೋಡೆಯ ತುಂಬ ಕನ್ನಡಿಗಳು, ಅವನಿಗೆ ಅವುಗಳ ಸಾಲು ಹಿಡಿಸಿತ್ತು, ತಾನಿಲ್ಲದೆ ಅವುಗಳನ್ನು ತೆಗೆಯಬೇಕು. ಎಡಕ್ಕೆ ಸರಿದ, ಬಗ್ಗಿದ, ಕುಕ್ಕರಗಾಲಲ್ಲಿ ಕೂತ. ಯಾವುದೋ ಒಂದು ಕನ್ನಡಿ ಅವನನ್ನು ಹಿಡಿಯುತ್ತಲೇ ಇತ್ತು. ಅಂಗಡಿಯವನು ನೋಡಿ ನೋಡಿ, ಸಾರ್, ಕನ್ನಡಿ ತಗೊಳ್ಳೋಕೆ ಬಂದ್ರಾ, ತಪ್ಪಿಸ್ಕೊಳ್ಳೋಕೆ ಬಂದ್ರಾ, ಎಂದಿದ್ದ. ಆ ಕ್ಷಣಕ್ಕೆ ಅವನ ಬೆರಳು ಒತ್ತಿಬಿಟ್ಟಿತ್ತು. ಎಲ್ಲ ಕನ್ನಡಿಗಳಲ್ಲೂ ಅವನು, ಒಂದು ಕಣ್ಣಿಗೆ ಕ್ಯಾಮರಾ, ಇನ್ನೊಂದು ಕಣ್ಣು ಮುಚ್ಚಿ, ಬಾಯಿ ಪೂರ್ತಿ ತೆರೆದು ನಗುತ್ತಿದ್ದಾನೆ. ಅವನ ಭುಜದ ಹಿಂದೆ ಒಬ್ಬ ಹೆಂಗಸು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ಅವಳನ್ನು ಗುರುತಿಸಲು ಇವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಮೂಲೆಯಲ್ಲಿ ಕಪ್ಪು ಬಾವುಟ.

'ಅತ್ತೆ, ಒಂಚೂರು ಬನ್ನಿ.'

ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಾ ಬಂದರು. ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. 'ಮುಖ ಎಲ್ಲಿದೆ ಇದರಲ್ಲಿ? ಕ್ಯಾಮರಾ ಇದೆ.'

'ಬಾಯಿ ಇದೆ ನೋಡಿ.'

'ಬಾಯಿ ಇದೆ.' ಅತ್ತೆ ಬಹಳ ಹೊತ್ತು ಬಾಯಿಯನ್ನೇ ನೋಡಿದರು. 'ಮುಂದಿನ ಹಲ್ಲು ಮುರ್ಕೊಂಡ ಮೇಲೆ ಇವನು ಬಾಯಿ ಬಿಟ್ಟು ನಗೋದನ್ನೇ ಬಿಟ್ಟಿದ್ದ. ಶಾಲೆಗೆ ಹೋಗೋವಾಗ. ನನ್ನ ಮುಂದೂ ಅಷ್ಟೆ.' ಆಮೇಲೆ ಅವರ ಕಣ್ಣು ಹಿಂದಿನ ಹೆಂಗಸಿನ ಮೇಲೆ ಹೋಯಿತು, ಅಲ್ಲಿಂದ ಸೊಸೆಯ ಮೇಲೆ ಬಂತು. 'ಇದು ಬೇಡ ನನಗೆ. ನೀನಿದ್ದೀಯಲ್ಲ ಇದರಲ್ಲಿ, ನೀನೇ ಇಟ್ಕೋ.'

'ನನ್ನ ಕತ್ತರಿಸಿ ತೆಗೀಬಹುದು.'

'ಬೇಡ ಬೇಡ. ನನಗೆ ಆ ಆಫೀಸಿಂದೇ ಸಾಕು. ಅದನ್ನ ನೋಡಿದ್ರೆ ಯಾರೋ ಅನ್ಸುತ್ತೆ, ಅಳು ಬರಲ್ಲ.' ಹೇಳಿ, ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು.

ಅವಳು ಕೂತೇ ಇದ್ದಳು. ಅತ್ತೆಯನ್ನು ದಡ್ಡಿ ಎಂದುಕೊಳ್ಳುವುದು ಇಷ್ಟು ದಿನ ಎಷ್ಟು ಅನುಕೂಲವಾಗಿತ್ತು. ಲೋಟ ತೊಳೆಯುವ ಸದ್ದು ಮತ್ತೆ ಶುರುವಾಯಿತು, ಈಗ ಅದನ್ನು ಹೀಯಾಳಿಸಲು ಮಾತು ಸಿಗಲಿಲ್ಲ. ಸಿಗದಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಒಂದು ಹೊಸ ಫೋಲ್ಡರ್ ಮಾಡಿ ಕಪ್ಪು ಬಾವುಟದವನ್ನೆಲ್ಲ, ಹೆಬ್ಬೆರಳು, ನೆರಳು, ಹೊಟ್ಟೆ, ಕನ್ನಡಕದ ಪುಟ್ಟ ಗಂಡಸರು, ಅದಕ್ಕೆ ಸರಿಸಿದಳು. ಆಮೇಲೆ ಐದು ನಕ್ಷತ್ರದವನ್ನು ಆರಿಸಿದಳು. ರಾಟೆಗಳು, ಹಗ್ಗಗಳು, ಬಿಸಿಲು ಬಿದ್ದ ಕಬ್ಬಿಣ. ಅವು ನಿಜವಾಗಿಯೂ ಚೆನ್ನಾಗಿದ್ದವು. ಅದು ಮೊದಲ ಸಲ ಕಾಣಿಸಿತು, ಕಂಡದ್ದರಿಂದ ಏನೂ ಬದಲಾಗಲಿಲ್ಲ. ಡಿಸ್ಕು ಪಕ್ಕದಲ್ಲಿ ಮಿಣುಕುತ್ತಿತ್ತು. ಅದಕ್ಕೆ ತುಂಬಿದರೆ ತಾನು ಈ ರಾಟೆಗಳ ಕಾವಲುಗಾರ್ತಿ, ಎರಡು ನಕ್ಷತ್ರದ ಕಾವಲುಗಾರ್ತಿ. ಶಾಶ್ವತವಾಗಿ ಅಳಿಸಬೇಕೆ ಎಂದು ಕೇಳಿತು. ಹೌದು. ನಾಲ್ಕು ನಕ್ಷತ್ರ, ಕಿಟಕಿಯ ಬೆನ್ನು. ಹೌದು. ಮೂರು, ಎರಡು. ಎರಡಕ್ಕೆ ಬಂದಾಗ ತನ್ನ ಜ್ವರದ ಮುಖದ ಮುಂದೆ ಒಂದು ಕ್ಷಣ ನಿಂತಳು. ಹಣೆಯ ಮೇಲೆ ಮಡಿಸಿದ ಒದ್ದೆ ಬಟ್ಟೆ ಇತ್ತು, ಅಂಚಿಗೆ ಅಂಚು ಸರಿಯಾಗಿ ಕೂಡಿಸಿ ಮಡಿಸಿದ್ದು. ಅದನ್ನು ಮಡಿಸಿದವನು, ಮಡಿಸಿಟ್ಟು ಎರಡು ಹೆಜ್ಜೆ ಹಿಂದೆ ಹೋಗಿ ಚಿತ್ರ ತೆಗೆದು, ಅದಕ್ಕೆ ಎರಡು ನಕ್ಷತ್ರ ಕೊಟ್ಟಿದ್ದ. ಎಂಥ ಮನುಷ್ಯ. ಹೌದು ಎಂದು ಒತ್ತಿದಳು.

ಜಾಗ ಬಂತು. ಪುಟಗಳು ಇಳಿದವು. ಭೂಗೋಳದ ಪುಸ್ತಕ. ಕೆಲಸ ಶುರು ಮಾಡುವ ಮೊದಲು ಡಿಸ್ಕನ್ನು ಬಿಚ್ಚಿಕೊಂಡು ಎದ್ದಳು. ಅದು ಇನ್ನೊಂದು ಗಂಟೆ ಅಲ್ಲಿದ್ದರೆ ತನ್ನ ಮೇಲೆ ತನಗೆ ನಂಬಿಕೆಯಿರಲಿಲ್ಲ, ಯಾವುದಕ್ಕೆ ಎಂದು ಮಾತ್ರ ಗೊತ್ತಿರಲಿಲ್ಲ.

ನೆಲಮಹಡಿಯಲ್ಲಿ ಬಾಗಿಲು ತೆಗೆದವರು ಕಾರ್ಯದರ್ಶಿಯೇ. ಬನಿಯನ್ನಿನಲ್ಲಿದ್ದರು, ಒಳಗೆ ಟಿವಿ ಕೂಗುತ್ತಿತ್ತು.

'ಅಷ್ಟು ಬೇಗ ಆಯ್ತಾ? ಎಲ್ಲ ಕಾಪಿ ಮಾಡ್ಕೊಂಡ್ರಾ?'

'ಬೇಕಾದ್ದು ಉಳಿಸ್ಕೊಂಡೆ.'

'ಒಳ್ಳೇದಾಯ್ತು. ನೆನಪುಗಳು ನೋಡಿ ತಾಯಿ, ಅವು ಇದ್ರೆ ಎಲ್ಲ ಇದ್ದ ಹಾಗೆ.' ಡಿಸ್ಕನ್ನು ತಿರುಗಿಸಿ ನೋಡಿದರು, ಗೀಚು ಬಿದ್ದಿದೆಯೇ ಎಂದು ಹೆಬ್ಬೆರಳಿಂದ ಸವರಿದರು. 'ಇದರ ಜೊತೆ ಒಂದು ವೈರಿತ್ತಲ್ಲ. ಉದ್ದಂದು.'

ಅವಳು ಡಿಸ್ಕನ್ನು ಜೋಡಿಸಿದ್ದು ಕಂಪ್ಯೂಟರಿಗೆ ಮೊದಲೇ ಸಿಕ್ಕಿಸಿದ್ದ ಬೇರೊಂದು ವೈರಿನಿಂದ. ಮತ್ತೆ ಮೇಲೆ ಹೋದಳು. ಖಾನೆಯ ಹಿಂಬದಿಯಲ್ಲಿ ಅದು ಸಿಕ್ಕಿತು. ಅವನು ಎಲ್ಲ ವೈರುಗಳನ್ನೂ ಸುತ್ತುವ ಹಾಗೆ ಸುತ್ತಿದ್ದ: ಹೆಬ್ಬೆರಳು ಕಿರುಬೆರಳಿನ ನಡುವೆ ಎಂಟರ ಆಕಾರದಲ್ಲಿ, ಒಂದು ಸುತ್ತು ಈ ಕಡೆ ಒಂದು ಸುತ್ತು ಆ ಕಡೆ, ಎಲ್ಲೂ ತಿರುಚಿಕೊಳ್ಳದಂತೆ, ಕೊನೆಯ ಗೇಣನ್ನು ನಡುವಿಗೆ ಮೂರು ಸಲ ಬಿಗಿದು ತುದಿಯನ್ನು ಒಳಗೆ ಸಿಕ್ಕಿಸಿ. ಅಂಗೈ ಮೇಲೆ ಇಟ್ಟುಕೊಂಡರೆ ಅದು ಅವನ ಕೈಯಷ್ಟೇ ಅಗಲವಿತ್ತು. ಹಾಗೆಯೇ ಹಿಡಿದುಕೊಂಡು ಇಳಿದಳು.

ಕಾರ್ಯದರ್ಶಿ ಅದನ್ನು ತೆಗೆದುಕೊಂಡರು. ಸರಿಯಿದೆಯೋ ಇಲ್ಲವೋ ನೋಡಬೇಕಲ್ಲ. ತುದಿ ಹಿಡಿದು ಎಳೆದರು, ನಡುವಿನ ಬಿಗಿ ಸಡಿಲಿತು, ಒಂದು ಸಲ ಒದರಿದರು. ಸುತ್ತುಗಳೆಲ್ಲ ಒಂದೊಂದಾಗಿ ಬಿಟ್ಟುಕೊಂಡು ವೈರು ನೆಲದವರೆಗೆ ಜೋತುಬಿತ್ತು.

'ಸರಿಯಿದೆ,' ಎಂದರು.